ಗುಂಡ್ಲುಪೇಟೆಯ ಗೋಜಿ ಹಣ್ಣು

ಸಾವಿರದ ಒಂಬೈನೂರ ಐವತ್ತಾರನೇ ಇಸವಿಯಲ್ಲಿ ಗುಂಡ್ಲುಪೇಟೆಯಲ್ಲಿ ಒಂದು ಹಣ್ಣಿಗೆ ಪ್ರತ್ಯೇಕ ಕಚೇರಿ ಇತ್ತು. ಚೀನಾ ದೇಶದ ಸ್ನೇಹ ನಿಯೋಗವೊಂದು ನಮ್ಮ ಜನರ ಆರೋಗ್ಯಕ್ಕೆಂದು ಒಣಗಿಸಿದ ಕೆಂಪು ಹಣ್ಣಿನ ಪೆಟ್ಟಿಗೆಗಳನ್ನು ಉಡುಗೊರೆಯಾಗಿ ಕೊಟ್ಟು ಹೋಗಿತ್ತು. ಪೆಟ್ಟಿಗೆಗಳು ರೈಲಿನಲ್ಲಿ ಚಾಮರಾಜನಗರಕ್ಕೆ ಬಂದು, ಅಲ್ಲಿಂದ ಲಾರಿ ಹತ್ತಿ ಗುಂಡ್ಲುಪೇಟೆ ಸೇರಿದವು. ರೋಗಿಗಳು ಚಾಮರಾಜನಗರದ ಕಡೆ ಹೆಚ್ಚಿದ್ದರು, ನಿಜ. ಆದರೆ ಈರುಳ್ಳಿ ವ್ಯಾಪಾರಿ ಚಿಕ್ಕಮಲ್ಲಪ್ಪನವರ ಮಳಿಗೆ ಗುಂಡ್ಲುಪೇಟೆಯಲ್ಲಿತ್ತು, ಹಣ್ಣು ಹಂಚುವ ಸಮಿತಿಯ ಅಧ್ಯಕ್ಷರೂ ಅವರೇ ಆಗಿದ್ದರು; ಪೆಟ್ಟಿಗೆಗಳೂ ಕಚೇರಿಯೂ ಆ ಮಳಿಗೆಯಲ್ಲೇ ನೆಲೆಯಾದವು. ರೋಗಿಗಳು ಬಸ್ಸಿನಲ್ಲಿ ಬರಬಹುದು, ಹಣ್ಣಿಗೆ ಮತ್ತೆ ಪ್ರಯಾಣದ ಆಯಾಸ ಕೊಡಬಾರದು ಎಂದು ತೀರ್ಮಾನವಾಯಿತು.

ನಿಯೋಗದವರು ಬಾಯಲ್ಲಿ ಹೇಳಿದ ಹೆಸರು ಗೌಚಿಯೋ ಏನೋ ಇತ್ತು. ಬೆಂಗಳೂರಿನಿಂದ ಮೈಸೂರಿಗೆ, ಮೈಸೂರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಅದು ಗೋಜಿ ಆಯಿತು. ಸಂತೆಮರಹಳ್ಳಿ ಸಂತೆಯಲ್ಲಿ ಜನ ಆ ಹೆಸರು ಕೇಳಿ, "ನಮಗ್ಯಾಕಪ್ಪ ಆ ಗೋಜು" ಎಂದು ದೂರ ಸರಿದರು. ಆದಕಾರಣ ಹಣ್ಣಿನ ಕಚೇರಿಯ ವಿಶೇಷಾಧಿಕಾರಿ ನೀಲಕಂಠಸ್ವಾಮಿಯವರು ತಮಟೆ ಹೊಡೆಸಿ ಹೀಗೆ ಸಾರಿಸಿದರು:

"ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಹಣ್ಣು ಗೋಜಲ್ಲ, ಗೋಜಿ. ಇದರಲ್ಲಿ ಕಣ್ಣಿಗೆ ಬೇಕಾದ ಜೀವಸತ್ವ ಯಥೇಚ್ಛವಾಗಿದೆ. ರಕ್ತಕ್ಕೂ ಒಳ್ಳೆಯದು. ಆಯುಸ್ಸು ಹೆಚ್ಚಿಸುವ ವಿಷಯ ಪರಿಶೀಲನೆಯಲ್ಲಿದೆ. ಇರುಳುಗುರುಡು ಇರುವವರಿಗೆ ದಿನಕ್ಕೊಂದು ಹಿಡಿಯಂತೆ ಪುಕ್ಕಟೆ ಕೊಡಲಾಗುವುದು. ರೋಗವನ್ನು ಕಚೇರಿ ವೇಳೆಯಲ್ಲೇ ಸಾಬೀತುಪಡಿಸತಕ್ಕದ್ದು."

ಕುದೇರಿನ ಸಿದ್ದಯ್ಯನಿಗೆ ಇರುಳುಗುರುಡು ಇತ್ತು. ಹಗಲೆಲ್ಲ ಹದ್ದಿನಂತೆ ಕಾಣುತ್ತಿದ್ದ ಕಣ್ಣು ಹೊತ್ತು ಮುಳುಗಿದೊಡನೆ ಮುಚ್ಚಿದಂತಾಗುತ್ತಿತ್ತು. ಅವನ ಕಸುಬು ರಾತ್ರಿ ಹೊಲ ಕಾಯುವುದು. ಆ ಸಲ ದನ ನುಗ್ಗಿ ಯಜಮಾನರ ಅವರೆಯನ್ನೆಲ್ಲ ಮೇಯ್ದು ಹೋದವು. ಅವನು ಸದ್ದು ಬಂದತ್ತ ಕೋಲು ಬೀಸಿ ಬೇಲಿಯನ್ನು ಹೊಡೆದಿದ್ದ. ಕೆಲಸ ಹೋಯಿತು. ಅವನ ಹೆಂಡತಿ ಬಸವಮ್ಮ ಸಂತೆಯಲ್ಲಿ ತಮಟೆಯ ಮಾತು ಕೇಳಿ ಬಂದವಳು, "ಅದೇನು ಹಣ್ಣೋ ತಿಂದೇ ಬುಡನ, ನಡಿ" ಎಂದು ಅವನನ್ನು ಬಸ್ಸು ಹತ್ತಿಸಿದಳು.

ನೀಲಕಂಠಸ್ವಾಮಿಯವರು ಅವನನ್ನು ಬೆಳಕಿಗೆ ನಿಲ್ಲಿಸಿ ಕೈ ಎತ್ತಿ ಕೇಳಿದರು. "ಇದು ಕಾಣಿಸುತ್ತದೇನಪ್ಪ?"

"ಕಾಣ್ತದ ಸ್ವಾಮಿ. ಉಂಗುರನೂ ಕಾಣ್ತದ."

"ಮತ್ತೆ ರೋಗ ಎಲ್ಲಿದೆ?"

"ರಾತ್ರಿಲಿ ಅದ ಸ್ವಾಮಿ."

"ರಾತ್ರಿ ಕಚೇರಿ ಇರುವುದಿಲ್ಲ."

ಬಸವಮ್ಮ ಸೆರಗು ಹೊದ್ದು ಮುಂದೆ ಬಂದಳು. "ಬುದ್ಧಿ, ಹೋದ ತಿಂಗಳು ಬಾವಿಗೆ ಬೀಳೋರು. ನಾನು ಪಂಚೆ ಹಿಡ್ಕಂಡೆ, ಉಳುದ್ರು. ದಿನಾ ಹಿಡ್ಕಂಡೇ ಇರಕ್ಕಾದದಾ?"

ಅಧಿಕಾರಿಗಳು ಕರುಣೆಯುಳ್ಳವರು. ಕಚೇರಿ ವೇಳೆಯಲ್ಲಿಯೇ ಕತ್ತಲೆಯನ್ನು ಒದಗಿಸಲು ಒಪ್ಪಿದರು. ಮಳಿಗೆಯ ಬಾಗಿಲು, ಕಿಟಕಿ, ಗವಾಕ್ಷಿಗಳನ್ನೆಲ್ಲ ಗೋಣಿಚೀಲದಿಂದ ಮುಚ್ಚಿಸಲಾಯಿತು. ಸಾಕ್ಷಿಗಾಗಿ ಇಡೀ ಸಮಿತಿ ಸಿದ್ದಯ್ಯನ ಜೊತೆ ಒಳಗೆ ಹೋಗಿ ನಿಂತಿತು. ಬಾಗಿಲಿನತ್ತ ನಡೆದು ಬರಲಾಗದವರೇ ರೋಗಿಗಳು ಎಂಬುದು ನಿಯಮ.

ಚಿಕ್ಕಮಲ್ಲಪ್ಪನವರು ಮೊದಲ ಹೆಜ್ಜೆಗೇ ಈರುಳ್ಳಿ ಮೂಟೆಯ ಮೇಲೆ ಬಿದ್ದರು. ಅಧಿಕಾರಿಗಳು ಒಂದು ಕಂಬವನ್ನು ತಬ್ಬಿಕೊಂಡು ಅಲ್ಲೇ ಉಳಿದರು. ಮಿಕ್ಕ ಸದಸ್ಯರು ಒಬ್ಬರ ಕಾಲನ್ನೊಬ್ಬರು ತುಳಿದರು. ಕತ್ತಲೆಯಲ್ಲೇ ಬಾಳಿದ್ದ ಸಿದ್ದಯ್ಯ ಮಾತ್ರ ಅಭ್ಯಾಸದಂತೆ ಗೋಡೆ ಸವರಿಕೊಂಡು, ಪಾದದಿಂದ ನೆಲ ತಡವಿಕೊಂಡು ಹೋಗಿ ಬಾಗಿಲು ತೆರೆದು ನಿಂತ. ಆಮೇಲೆ ಒಳಗೆ ಹಿಂದಿರುಗಿ ಅಧಿಕಾರಿಗಳ ಕೈ ಹಿಡಿದು ಹೊರಗೆ ಕರೆತಂದ.

ಫಲಿತಾಂಶದಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ. ಸಮಿತಿಯ ಎಲ್ಲರಿಗೂ ಇರುಳುಗುರುಡು ಇರುವುದಾಗಿಯೂ, ಸಿದ್ದಯ್ಯನಿಗೆ ಅಸಾಧಾರಣ ದೃಷ್ಟಿ ಇರುವುದಾಗಿಯೂ ಅಂದೇ ಘೋಷಿಸಲಾಯಿತು. ಸದಸ್ಯರು ಖಿನ್ನರಾಗಿ, ಚಿಕಿತ್ಸೆ ತಡಮಾಡಬಾರದೆಂದು ಪೆಟ್ಟಿಗೆ ತೆಗೆಸಿದರು.

"ನನಗೆ ಸ್ವಾಮಿ?" ಎಂದ ಸಿದ್ದಯ್ಯ.

"ನಿನಗೆ ಯಾಕಯ್ಯ? ತಾಲ್ಲೂಕಿನಲ್ಲಿ ಕತ್ತಲೆಯಲ್ಲಿ ಕಾಣುವವನು ನೀನೊಬ್ಬನೇ," ಎಂದರು ಚಿಕ್ಕಮಲ್ಲಪ್ಪನವರು, ಹಣ್ಣು ಅಗಿಯುತ್ತ. "ಈ ಮಳಿಗೆಗೆ ರಾತ್ರಿ ಕಾವಲುಗಾರ ಬೇಕಾಗಿದ್ದಾನೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹೊಲ ಕಾಯುವ ಕೆಲಸ ಹೋಗಿ ಹಿಟ್ಟಿಗೂ ತತ್ವಾರವಾಗಿತ್ತು. "ಒಪ್ಕ," ಎಂದಳು ಬಸವಮ್ಮ. "ಹಣ್ಣೇನು ಎದ್ದು ಓಡೋಯ್ತದಾ?"

ಹೀಗೆ ಇರುಳುಗುರುಡು ಇದ್ದ ಸಿದ್ದಯ್ಯ ಇರುಳುಗುರುಡಿನ ಔಷಧಿಗೆ ರಾತ್ರಿ ಕಾವಲುಗಾರನಾದ. ಬಸವಮ್ಮನಿಗೆ ಮಳಿಗೆ ಗುಡಿಸುವ ಕೆಲಸ ಸಿಕ್ಕಿತು.

ಹಣ್ಣು ಎದ್ದು ಓಡಿಹೋಗಲಿಲ್ಲ. ಆದರೂ ಸಮಿತಿಯವರ ದಿನಕ್ಕೊಂದು ಹಿಡಿಯ ಲೆಕ್ಕವನ್ನೂ ಮೀರಿ ಪೆಟ್ಟಿಗೆಗಳು ಬರಿದಾಗುತ್ತ ಬಂದವು. ನೀಲಕಂಠಸ್ವಾಮಿಯವರು ಪ್ರತಿ ಬೆಳಿಗ್ಗೆ ನಿಯಮದಂತೆ ಕೇಳುತ್ತಿದ್ದರು. "ರಾತ್ರಿ ಯಾರಾದರೂ ಬಂದಿದ್ದು ಕಂಡಿತೇನಯ್ಯ?"

"ಏನೂ ಕಾಣ್ನಿಲ್ಲ ಸ್ವಾಮಿ. ಪೆಟ್ಟಿಗೆ ತೆಗೆಯೋ ಸದ್ದು ಕೇಳ್ತು. ಅಗಿಯೋ ಸದ್ದೂ ಕೇಳ್ತು."

"ಕೇಳಿದ್ದನ್ನು ನಾನು ಕೇಳಲಿಲ್ಲ. ಕಂಡಿದ್ದನ್ನು ಕೇಳಿದೆ."

"ಕಾಣ್ನಿಲ್ಲ ಸ್ವಾಮಿ."

"ಅಷ್ಟೇ ಸಾಕು." ಅಸಾಧಾರಣ ದೃಷ್ಟಿಯುಳ್ಳವನಿಗೇ ಏನೂ ಕಾಣದಿದ್ದುದರಿಂದ ಕಳವು ನಡೆದಿಲ್ಲವೆಂದು ಸಿದ್ಧವಾಗುತ್ತಿತ್ತು. ಗೋಜಿ ಹಣ್ಣು ನಮ್ಮ ಸೀಮೆಯ ಒಣಹವೆಗೆ ತಾನಾಗಿಯೇ ಕುಗ್ಗುತ್ತದೆ ಎಂದು ಮೇಲಿನವರಿಗೆ ವರದಿ ಹೋಯಿತು. ಮೇಲಿನವರು ಕುಗ್ಗಿದ ಹಣ್ಣಿನ ಮಾದರಿ ಕೇಳಿದರು, ಒಂದು ಪೆಟ್ಟಿಗೆ ಕಳಿಸಲಾಯಿತು. ಅದು ಅಲ್ಲಿ ಪೂರ್ತಿ ಕುಗ್ಗಿತೆಂದು ಉತ್ತರ ಬಂತು.

ಸಮಿತಿಯವರಿಗೆ ಮೈ ತುಂಬಿ ಬಂತು, ಕೆನ್ನೆ ಕೆಂಪಾದವು. ಆದರೆ ಪ್ರತಿ ತಿಂಗಳ ಮರುಪರೀಕ್ಷೆಯಲ್ಲಿ, ಗೋಣಿ ಮುಚ್ಚಿದ ಮಳಿಗೆಯೊಳಗೆ, ಅವರು ಮತ್ತೆ ಮತ್ತೆ ಮೂಟೆಗಳ ಮೇಲೆ ಬಿದ್ದರು. ಚಿಕಿತ್ಸೆ ಮುಂದುವರಿಯಿತು.

ಕೈಗೆ ಸಿಕ್ಕಷ್ಟು ತಿನ್ನುವವರು ಒಂದಷ್ಟು ಚೆಲ್ಲುವುದೂ ಉಂಟು. ಬೆಳಿಗ್ಗೆ ಗುಡಿಸುವಾಗ ಈರುಳ್ಳಿ ಸಿಪ್ಪೆಯ ನಡುವೆ ಕೆಂಪಗೆ ಕಂಡದ್ದನ್ನೆಲ್ಲ ಬಸವಮ್ಮ ಆರಿಸಿ, ತೊಳೆದು, ಗಂಡನ ಅಂಬಲಿಗೆ ಹಾಕುತ್ತಿದ್ದಳು. ಗುಡಿಸಿದ ಕಸದ ಬಗ್ಗೆ ನಿಯಮವೇನೂ ಇರಲಿಲ್ಲ. ಸಿದ್ದಯ್ಯನಿಗೆ ಅದು ಹುಳಿಯೂ ಅಲ್ಲದ ಸಿಹಿಯೂ ಅಲ್ಲದ ಒಂದು ರುಚಿ ಅನ್ನಿಸಿತು. ಅವಳು ಕೊಟ್ಟಿದ್ದಕ್ಕೆ ತಿಂದ.

ಒಂದು ಸಂಜೆ ಹೊತ್ತು ಮುಳುಗಿದ ಮೇಲೆ ಮಳಿಗೆಯ ಜಗಲಿಯಲ್ಲಿ ಬುತ್ತಿ ಬಿಚ್ಚುತ್ತಿದ್ದವಳನ್ನು ಸಿದ್ದಯ್ಯ ನೋಡುತ್ತ ಕೂತ.

"ಯಾಕ, ಹಂಗ್ ನೋಡೀಯೆ?" ಎಂದಳು.

"ನಿನ್ನ ಕಿವಿ ತಾವ ಕೂದ್ಲು ಬೆಳ್ಳಗಾಗಿ ಅದ ಕಣಮ್ಮಿ."

ಬಸವಮ್ಮನ ಕೈ ಬುತ್ತಿಯ ಮೇಲೆ ನಿಂತಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದೂ ಅವನಿಗೆ ಕಂಡಿತು.

ಆ ರಾತ್ರಿ ಸಿದ್ದಯ್ಯನಿಗೆ ಎಲ್ಲವೂ ಕಂಡಿತು. ಹಿತ್ತಿಲ ಬಾಗಿಲಿನಿಂದ ಬಂದ ಚಿಕ್ಕಮಲ್ಲಪ್ಪನವರ ರುಮಾಲು, ಅವರ ಕೈಚೀಲ, ಅವರ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ಬಂದ ನೀಲಕಂಠಸ್ವಾಮಿಯವರು. ಇಬ್ಬರೂ ಅವನ ಮುಂದೆಯೇ ಹಾದುಹೋದರು. ಅವನು ಎಂದಿನಂತೆ ಎದುರಿನ ಗೋಡೆ ನೋಡುತ್ತ ಕೂತಿದ್ದ.

ಬೆಳಿಗ್ಗೆ ಕಸಪೊರಕೆ ಹಿಡಿದು ಗುಡಿಸುತ್ತಿದ್ದ ಬಸವಮ್ಮನಿಗೆ ಗಂಡನ ಮುಖ ನೋಡಿಯೇ ವಿಷಯ ತಿಳಿಯಿತು. ಕಣ್ಣಿದೆಯೆಂದು ಕೊಟ್ಟ ಕೆಲಸ; ಕಂಡಿತು ಎಂದರೆ ಹೋಗುವ ಕೆಲಸ. ಅವಳು ಗುಡಿಸುವುದನ್ನು ನಿಲ್ಲಿಸಿದಳು.

"ರಾತ್ರಿ ಏನಾದರೂ ಕಂಡಿತೇನಯ್ಯ?" ಎಂದು ಕೇಳಿದರು ನೀಲಕಂಠಸ್ವಾಮಿಯವರು. ಅವರ ಮೀಸೆಯಲ್ಲಿ ಹಣ್ಣಿನ ಒಂದು ಸಿಪ್ಪೆ ಇತ್ತು. ಸಿದ್ದಯ್ಯ ಅದನ್ನು ನೋಡಿದ.

"ಏನೂ ಕಾಣ್ನಿಲ್ಲ ಸ್ವಾಮಿ," ಎಂದ. "ಸದ್ದೂ ಕೇಳ್ನಿಲ್ಲ."

ಅಧಿಕಾರಿಗಳಿಗೆ ಅವನ ಈ ಪ್ರಗತಿ ಬಹಳ ಮೆಚ್ಚಿಗೆಯಾಯಿತು. ಅದೇ ವಾರ ಅವನ ಕೆಲಸ ಕಾಯಂ ಆಯಿತು.