ಯೂಕಾ ಎಲ್ಲಿದ್ದರೂ ಬರಬೇಕು

ನಾಳೆಗೆ ಮಗುವಿಗೆ ಒಂದು ವರ್ಷ ತುಂಬುತ್ತದೆ, ಅದಕ್ಕೆ ಇನ್ನೂ ಹೆಸರಿಲ್ಲ. ಮನೆಯಲ್ಲಿ ಪಾಪು, ಅಜ್ಜಿಯ ಬಾಯಲ್ಲಿ ಪುಟ್ಟಿ, ಲಸಿಕೆ ಹಾಕುವ ನರ್ಸಮ್ಮನ ಚೀಟಿಯಲ್ಲಿ ಬರೀ ಒಂದು ಅಡ್ಡಗೆರೆ. ಜನನ ನೋಂದಣಿ ಕಚೇರಿಯವರು, ವರ್ಷ ತುಂಬುವುದರೊಳಗೆ ಹೆಸರು ಬರೆಸದಿದ್ದರೆ ಆಮೇಲೆ ನಮ್ಮ ಕೈಯಲ್ಲಿಲ್ಲ ಎಂದು ಎರಡು ಸಲ ಹೇಳಿ ಕಳಿಸಿದ್ದರು.

"ರೀ, ಸಂಜೆ ಐದಕ್ಕೆ ಆಫೀಸು ಬಾಗಿಲು ಹಾಕತ್ತೆ" ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ. "ಹೆಸರು ಬರೆಸಿದ್ರೆ ಮನೆಗೆ ಬನ್ನಿ. ಇಲ್ಲಾಂದ್ರೆ ನಿಮ್ಮ ಬಸ್ ಸ್ಟ್ಯಾಂಡಲ್ಲೇ ಇರಿ. ಅಲ್ಲಿ ಬೆಂಚಿಗೇನು ಬರ ಇಲ್ವಲ್ಲ."

"ಇವತ್ತು ಖಂಡಿತ ಬರೆಸ್ತೀನಿ ಕಣೇ."

"ಇದೇ ಮಾತು ಹನ್ನೊಂದು ತಿಂಗಳಿಂದ ಕೇಳ್ತಿದ್ದೀನಿ. ನಾನು ಹೇಳಿದ್ದು ಹದಿನಾಲ್ಕು ಹೆಸರು. ಒಂದಕ್ಕೂ ಒಪ್ಪಲಿಲ್ಲ. ನೀವೇ ಆರಿಸಿದ ಹೆಸರನ್ನ ಮಾರನೇ ದಿನ ನೀವೇ ಬೇಡ ಅಂತೀರ."

ಅವಳ ಮಾತು ಸುಳ್ಳಲ್ಲ. ಆದರೆ ಅವನ ಕಷ್ಟವೂ ಸುಳ್ಳಲ್ಲ. ಅವನ ಸ್ವಂತ ಹೆಸರು ಎಷ್ಟು ಸವಕಲೆಂದರೆ, ಬೀದಿಯಲ್ಲಿ ನಿಂತು ಒಮ್ಮೆ ಕೂಗಿದರೆ ಆರು ಕಿಟಕಿ ತೆರೆದುಕೊಳ್ಳುತ್ತಿದ್ದವು. ಶಾಲೆಯಲ್ಲಿ ಅದೇ ಹೆಸರಿನವರು ನಾಲ್ವರಿದ್ದರು. ಮೇಷ್ಟ್ರು ಬೇಸತ್ತು ಅವರಿಗೆ ನಂಬರು ಹಾಕಿದ್ದರು. ಇವನು ಮೂರನೆಯವನು. ಎರಡನೆಯವನ ತಪ್ಪಿಗೆ ಇವನು ಏಟು ತಿಂದದ್ದುಂಟು. ಓಟದಲ್ಲಿ ಇವನು ಗೆದ್ದ ಕಪ್ಪನ್ನು ಒಂದನೆಯವನು ಹೋಗಿ ಇಸಿದುಕೊಂಡು, ಫೋಟೋಗೂ ನಿಂತು ಬಂದದ್ದುಂಟು. ಅದಕ್ಕೇ ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ನಿರ್ಧರಿಸಿದ್ದ: ಇವಳ ಹೆಸರನ್ನು ಸಾವಿರ ಜನರ ನಡುವೆ ಕೂಗಿದರೂ ಒಂದೇ ತಲೆ ತಿರುಗಬೇಕು.

ಕೂಗುವುದೇ ಅವನ ಕೆಲಸ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ ಎಂದು ಮೈಕಿನಲ್ಲಿ ಹೇಳುತ್ತಿದ್ದ. ಹನ್ನೆರಡು ವರ್ಷದ ಸರ್ವೀಸು. ಜೇನು ಸವರಿದ ಕಂಚಿನಂಥ ಅವನ ದನಿಯನ್ನು ಊರಿಗೆ ಊರೇ ಬಲ್ಲದು, ಅವನ ಮುಖವನ್ನು ಯಾರೂ ಅರಿಯರು. ನಿಲ್ದಾಣದವರಿಗೆಲ್ಲ ಅವನು ಮೈಕಣ್ಣ.

ಮೈಕಣ್ಣನ ಜೇಬಿನಲ್ಲಿ ಆ ದಿನ ಮೂರು ಹೆಸರುಗಳ ಚೀಟಿಯಿತ್ತು. ಹಳೆ ಪೇಪರಿನ ಅಂಗಡಿಯಲ್ಲಿ ಸಿಕ್ಕ ದಪ್ಪ ನಿಘಂಟಿನಿಂದ ಆರಿಸಿದ್ದು. ಆ ನಿಘಂಟಿನ ಪುಟಗಳ ಬಲಭಾಗವನ್ನೆಲ್ಲ ಹುಳು ತಿಂದಿತ್ತು. ಹುಳುಗಳು ಅರ್ಥವನ್ನು ತಾವು ತಿಂದು ಪದಗಳನ್ನು ಇವನಿಗೆ ಉಳಿಸಿದ್ದವು. ಮೈಕಣ್ಣನಿಗೆ ಬೇಸರವಾಗಲಿಲ್ಲ. ಹೆಸರಿಗೆ ಬೇಕಾದದ್ದು ನಾದ ಎಂಬುದು ಅವನ ಗಟ್ಟಿ ನಂಬಿಕೆ.

ನಿಲ್ದಾಣದ ಬಾಗಿಲಲ್ಲೇ ಔಷಧಿ ಅಂಗಡಿ. ಅಂಗಡಿಯವನು ಶಟರ್ ಎತ್ತುತ್ತಿದ್ದ.

"ಏನ್ ಮೈಕಣ್ಣ, ಮಗಳ ಹೆಸರು ಫೈನಲ್ ಆಯ್ತಾ?"

"ಆಯ್ತು" ಎಂದ ಮೈಕಣ್ಣ, ಎದೆಯುಬ್ಬಿಸಿ. "ಪ್ರಪಂಚದಲ್ಲಿ ಇನ್ನೊಬ್ಬಳಿಗೆ ಇರಬಾರದು, ಅಂಥದ್ದು. ಅತಿಸಾರಾ!"

ಅರ್ಧ ಎತ್ತಿದ್ದ ಶಟರ್ ಧಡಾರನೆ ಕೆಳಗಿಳಿಯಿತು.

"ಅಣ್ಣಾ, ಅದು ಭೇದಿ!"

"ಏನು ಭೇದಿ?"

"ಅತಿಸಾರ ಅಂದ್ರೆ ಹೊಟ್ಟೆ ಕೆಟ್ಟು ಭೇದಿ ಆಗೋದು. ನನ್ನ ಅಂಗಡೀಲಿ ಅದಕ್ಕೆ ಮೂರು ಥರದ ಔಷಧಿ ಇದೆ. ಮಗಳನ್ನ ಶಾಲೆಗೆ ಸೇರಿಸಿದ್ರೆ ಪಕ್ಕದಲ್ಲಿ ಒಬ್ಬರೂ ಕೂರಲ್ಲ."

ಮೈಕಣ್ಣ ಗಾಜಿನ ಗೂಡು ಸೇರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ಇಬ್ಬರು ಕಂಡಕ್ಟರುಗಳು ಕಿಟಕಿಯಲ್ಲಿ ತಲೆ ತೂರಿಸಿ, "ಮಗಳ ಹೊಟ್ಟೆ ಹೇಗಿದೆ ಅಣ್ಣ?" ಎಂದು ಕೇಳಿ ಹೋದರು.

ಅವನು ಮೊದಲನೆಯ ಹೆಸರಿನ ಮೇಲೆ ಗೆರೆ ಎಳೆದ. ಎರಡನೆಯದನ್ನು ಈ ಸಲ ಬುದ್ಧಿವಂತಿಕೆಯಿಂದ, ಓದಿದವರ ಹತ್ತಿರವೇ ಕೇಳೋಣವೆಂದು ಕಂಟ್ರೋಲರ್ ಸಾಹೇಬರ ಮುಂದೆ ಇಟ್ಟ. ಅವರು ಕನ್ನಡಕ ಹಣೆಗೇರಿಸಿ ಚೀಟಿ ನೋಡಿದರು.

"ಅನುಪಲಬ್ಧಾ. ಕೇಳೋಕೆ ಭಾರೀ ಚೆನ್ನಾಗಿದೆ ಕಣಯ್ಯ. ಆದ್ರೆ ಅನುಪಲಬ್ಧ ಅಂದ್ರೆ ಸಿಗದೇ ಇರೋದು, ಲಭ್ಯವಿಲ್ಲ ಅಂತ. ನಾಳೆ ಶಾಲೇಲಿ ಟೀಚರ್ ಹಾಜರಿ ಕೂಗ್ತಾರೆ. ಅನುಪಲಬ್ಧಾ ಅಂತಾರೆ. ನಿನ್ನ ಮಗಳು ಎದ್ದು ಪ್ರೆಸೆಂಟ್ ಮಿಸ್ ಅಂತಾಳೆ. ಟೀಚರ್ ಯಾವುದನ್ನ ನಂಬಬೇಕು?"

ಮೈಕಣ್ಣ ಎರಡನೆಯ ಗೆರೆ ಎಳೆದ. ಉಳಿದದ್ದು ಒಂದೇ.

"ಯೂಕಾ" ಎಂದ, ಭಯಭಯದಿಂದ.

ಸಾಹೇಬರು ತಾರಸಿ ನೋಡಿದರು, ನೆಲ ನೋಡಿದರು. "ಇದು ಕೇಳಿದ್ದೇ ಇಲ್ವಲ್ಲ. ಚಿಕ್ಕದಾಗಿದೆ, ಚೊಕ್ಕದಾಗಿದೆ. ಏನರ್ಥ?"

"ಅರ್ಥ ಹುಳು ತಿಂದಿದೆ ಸಾರ್."

"ಒಳ್ಳೇದಾಯ್ತು ಬಿಡು. ಗೊತ್ತಿಲ್ಲದ ಮೇಲೆ ತಪ್ಪು ಹುಡುಕೋರು ಯಾರು?"

ಔಷಧಿ ಅಂಗಡಿಯವನಿಗೂ ಗೊತ್ತಿರಲಿಲ್ಲ. ಕಂಡಕ್ಟರುಗಳು ಯಾವುದೋ ದೂರದ ದೇಶದ ಹೂವಿರಬೇಕು ಎಂದರು. ಮೈಕಣ್ಣ ಗೂಡಿಗೆ ಮರಳಿ ಬಾಗಿಲು ಹಾಕಿಕೊಂಡ. ಹನ್ನೊಂದು ಗಂಟೆ. ಮುಂದಿನ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಇಷ್ಟು ಜನ ಒಪ್ಪಿದ ಮೇಲೂ ಅವನ ಕಿವಿ ಒಪ್ಪಬೇಕಲ್ಲ? ಮುಚ್ಚಿದ ಮೈಕಿನ ಮುಂದೆ ಒಮ್ಮೆ ಹೇಳಿ ನೋಡೋಣ ಅನ್ನಿಸಿತು.

ಮೈಕು ಮುಚ್ಚಿರಲಿಲ್ಲ. ಅದು ಚಾಲೂ ಇದೆಯೆಂದು ತೋರಿಸುವ ಕೆಂಪು ದೀಪ ಹಿಂದಿನ ವಾರವೇ ಸುಟ್ಟುಹೋಗಿತ್ತು.

"ಯೂಕಾ" ಎಂದ ಮೈಕಣ್ಣ, ಮೆಲ್ಲಗೆ. "ಕುಮಾರಿ ಯೂಕಾ."

ಕಣ್ಣು ಮುಚ್ಚಿಕೊಂಡ. ದೊಡ್ಡ ಸಭಾಂಗಣ, ತುಂಬಿದ ಜನ, ಮೇಜಿನ ಮೇಲೆ ಹೊಳೆಯುವ ಕಪ್ಪು. ಒಂದೇ ಒಂದು ತಲೆ ತಿರುಗುತ್ತದೆ, ಎರಡು ಜಡೆಯ ಹುಡುಗಿ ಎದ್ದು ಬರುತ್ತಾಳೆ. ಮೈಕಣ್ಣ ಮೈಕಿಗೆ ಇನ್ನಷ್ಟು ಹತ್ತಿರವಾದ.

"ಕುಮಾರಿ ಯೂಕಾ ಎಲ್ಲಿದ್ದರೂ ಬರಬೇಕು" ಎಂದ. ಕೊನೆಯ ಪದದಲ್ಲಿ ದನಿ ನಡುಗಿತು.

ನಿಲ್ದಾಣದ ನಾಲ್ಕು ಮೂಲೆಯ ನಾಲ್ಕು ಧ್ವನಿವರ್ಧಕಗಳು ಆ ನಡುಕವನ್ನು ಹಿಂದಿನ ಎರಡು ಬೀದಿಗಳವರೆಗೂ ಒಯ್ದವು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ನಡುಗದ ದನಿ ನಡುಗಿತೆಂದರೆ ಸುಮ್ಮನೆಯೇ? ಯಾರದೋ ಕೂಸು ಕಳೆದುಹೋಗಿದೆ! ಜನ ಗಂಟುಮೂಟೆ ಬಿಟ್ಟು ಎದ್ದರು. ಹೆಂಗಸರು ಬೆಂಚುಗಳ ಕೆಳಗೆ ಬಗ್ಗಿದರು. ಹೊರಟಿದ್ದ ಬಸ್ಸುಗಳನ್ನು ಡ್ರೈವರುಗಳು ತಾವಾಗಿಯೇ ನಿಲ್ಲಿಸಿದರು. ಒಬ್ಬ ಕಾನ್‌ಸ್ಟೇಬಲ್ ಎರಡೂ ಗೇಟುಗಳನ್ನು ಮುಚ್ಚಿಸಿದ.

ಮೈಕಣ್ಣ ಕಣ್ಣು ತೆರೆದಾಗ ಗಾಜಿನಾಚೆ ಒಂದು ಜಾತ್ರೆಯಷ್ಟು ಜನ. ಮುಂದೆ ನಿಂತ ಅಜ್ಜಿಯೊಬ್ಬಳು ಅಳುವ ಹುಡುಗಿಯನ್ನು ಎತ್ತಿ ಹಿಡಿದಿದ್ದಳು.

"ಇವಳೇನಪ್ಪ ಯೂಕಾ?"

"ಅಲ್ಲ ಅಜ್ಜಿ..."

ಕಂಡಕ್ಟರೊಬ್ಬ ಕಂಕುಳಿಗೊಂದರಂತೆ ಎರಡು ಮಕ್ಕಳನ್ನು ತಂದ. "ಇವೆರಡರಲ್ಲಿ ಯಾವುದು?"

"ಅಯ್ಯೋ, ಅವು ಯಾರ ಮಕ್ಕಳೋ ಮಾರಾಯ! ವಾಪಸ್ ಕೊಟ್ಟು ಬಾ!"

ಕಂಟ್ರೋಲರ್ ಸಾಹೇಬರು ಜನರನ್ನು ಸೀಳಿಕೊಂಡು ಬಂದರು. ಅವರ ಮುಖ ಕಾದ ಇಂಜಿನ್ನಿನ ಹಾಗೆ ಆಗಿತ್ತು. "ಕಳೆದುಹೋಗಿರೋದು ನಿನ್ನ ಬುದ್ಧಿ ಅಂತ ನನಗೆ ಗೊತ್ತು. ಇವರಿಗೆ ಏನಾದ್ರೂ ಹೇಳಿ ಸಮಾಧಾನ ಮಾಡು!"

ಮೈಕಣ್ಣ ಬೆವರು ಒರೆಸಿಕೊಂಡು ಮೈಕಿಗೆ ಬಾಗಿದ. "ಪ್ರಯಾಣಿಕರ ಗಮನಕ್ಕೆ. ಯೂಕಾ ಸಿಕ್ಕಿದ್ದಾಳೆ. ಕ್ಷೇಮವಾಗಿದ್ದಾಳೆ."

ಚಪ್ಪಾಳೆಯೋ ಚಪ್ಪಾಳೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗುವನ್ನು ಎತ್ತಿಕೊಂಡಿದ್ದ ಒಬ್ಬ ತಾಯಿ ಗಾಜಿಗೆ ಮುಖ ಹಚ್ಚಿ, "ಎಷ್ಟು ಮುದ್ದಾದ ಹೆಸರು! ಯಾರ ಮಗುವಂತೆ?" ಎಂದು ಕೇಳಿದಳು.

ಅಲ್ಲಿಗೆ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಗಳ ಹೆಸರಿಗೆ ಅಷ್ಟು ಚಪ್ಪಾಳೆ ಬಿದ್ದಾಗ ಯಾವ ಅಪ್ಪ ತಾನೇ ಸುಮ್ಮನಿರುತ್ತಾನೆ? ಮೈಕಣ್ಣ ಮತ್ತೆ ಬಾಗಿದ.

"ಯೂಕಾ... ನಮ್ಮ ಮಗಳು."

ಗೇಟು ತೆರೆಸಿ, ಮಕ್ಕಳನ್ನು ಅವರವರ ತಾಯಂದಿರಿಗೆ ಮುಟ್ಟಿಸುವಷ್ಟರಲ್ಲಿ ಒಂಬತ್ತು ಬಸ್ಸು ತಡವಾಗಿದ್ದವು. ಸಾಹೇಬರು ಅಷ್ಟಕ್ಕೂ ಬೇರೆಬೇರೆ ವಿವರಣೆ ಬರೆದುಕೊಡಲು ಹೇಳಿದರು. "ಮಗಳ ಹೆಸರಿನ ನಾದ ಪರೀಕ್ಷಿಸುತ್ತಿದ್ದೆ" ಎಂದು ಬರೆದರೆ ಹರಿದುಹಾಕಿದರು. ಒಂಬತ್ತನೆಯದು ಮುಗಿದಾಗ ನಾಲ್ಕೂವರೆ. ಮೈಕಣ್ಣ ನೋಂದಣಿ ಕಚೇರಿಗೆ ಓಡಿದ ಓಟಕ್ಕೆ, ಅಂದು ಶಾಲೆಯಲ್ಲಾಗಿದ್ದರೆ ಇನ್ನೊಂದು ಕಪ್ಪು ಬರುತ್ತಿತ್ತು.

ಕಿಟಕಿಯಾಚೆ ಕ್ಲರ್ಕಮ್ಮ ಮುದ್ರೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಬೆಂಚಿನ ಮೇಲೆ ಮಕ್ಕಳನ್ನು ಎತ್ತಿಕೊಂಡ ಎರಡು ಜೋಡಿ ಗಂಡಹೆಂಡಿರು. ಅವರ ಪಕ್ಕದಲ್ಲಿ ತಮ್ಮದೇ ಯಾವುದೋ ಕಾಗದಕ್ಕಾಗಿ ಕಾದು ಕೂತ ಒಬ್ಬ ಮುದಿ ಮೇಷ್ಟ್ರು.

"ಮಗೂಗೆ ಹೆಸರು ಬರೆಸ್ಬೇಕು" ಎಂದ ಮೈಕಣ್ಣ, ಏದುಸಿರಿನಲ್ಲೇ. "ಯೂಕಾ."

ಕ್ಲರ್ಕಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀವೂ?"

"ನೀವೂ ಅಂದ್ರೆ?"

"ಮಧ್ಯಾಹ್ನದಿಂದ ಆಗಲೇ ನಾಲ್ಕು ಯೂಕಾ ಬರೆದಿದ್ದೀನಿ. ನಿಮ್ಮದು ಐದನೇದು."

ಬೆಂಚಿನ ಮೇಲಿನ ತಾಯಿಯೊಬ್ಬಳು ನಕ್ಕಳು. "ನೀವೂ ಬಸ್ ಸ್ಟ್ಯಾಂಡಲ್ಲಿ ಇದ್ರಾ ಅಣ್ಣ? ಎಂಥಾ ದನಿ ಆ ಮನುಷ್ಯಂದು! ಅವನ ಬಾಯಲ್ಲಿ ಆ ಹೆಸರು ಕೇಳಿ ನನಗೆ ಕಣ್ಣಲ್ಲಿ ನೀರೇ ಬಂತು. ಅಲ್ಲಿಂದ ಸೀದಾ ಇಲ್ಲಿಗೇ ಬಂದ್ವಿ, ಕಾದು ಕಾದು ಈಗ ತಾನೇ ಕಾಗದ ಕೈಗೆ ಬಂತು."

ಮೈಕಣ್ಣನ ಹೊಟ್ಟೆ ಉರಿಯಿತು, ಅದೇ ಹೊತ್ತಿಗೆ ಎದೆ ಉಬ್ಬಿತು. ಎರಡಕ್ಕೂ ಒಟ್ಟಿಗೆ ಜಾಗ ಸಾಲದೆ ಒಂದು ಬಿಕ್ಕಳಿಕೆ ಬಂತು.

ಆಗ ಮೇಷ್ಟ್ರು ಕತ್ತೆತ್ತಿದರು. "ಯಾವ ಹೆಸರು ಅಂದಿರಮ್ಮ? ಯೂಕಾ? ಹಾಗಂದ್ರೆ ಹೇನು."

"ಏನು?" ಎಂದಳು ತಾಯಿ.

"ಏನು ಅಲ್ಲಮ್ಮ, ಹೇನು. ತಲೇಲಿ ಹರಿದಾಡತ್ತಲ್ಲ, ಅದು. ಹಳೆಯ ಪದ, ಈಗ ಯಾರೂ ಬಳಸಲ್ಲ. ನಲವತ್ತು ವರ್ಷ ಪಾಠ ಮಾಡಿದ್ದೀನಿ, ಮಗೂಗೆ ಈ ಹೆಸರು ಇಟ್ಟೋರನ್ನ ಇವತ್ತೇ ನೋಡಿದ್ದು."

ತಾಯಂದಿರಿಬ್ಬರೂ ತಮ್ಮ ಮಕ್ಕಳನ್ನು ನೋಡಿದರು, ಆಮೇಲೆ ಹಸಿ ಮುದ್ರೆಯ ಕಾಗದಗಳನ್ನು ನೋಡಿದರು. ಒಬ್ಬ ಅಪ್ಪ ಅಂಗಿಯ ತೋಳು ಮಡಚುತ್ತ ಎದ್ದು ನಿಂತ. ಆಳು ಬಾಗಿಲಿನಷ್ಟು ಅಗಲವಿದ್ದ.

"ಆ ಮೈಕಲ್ಲಿ ಕೂಗಿದೋನು ಒಂದ್ಸಲ ನನ್ನ ಕೈಗೆ ಸಿಗಲಿ."

ಮೈಕಣ್ಣ ತನ್ನ ಕಂಚಿನ ದನಿಯನ್ನು ಗಟಕ್ಕನೆ ನುಂಗಿಕೊಂಡ. ಭಯದ ಜೊತೆಗೇ ಒಂದು ನೆಮ್ಮದಿಯೂ ಆಯಿತು: ಸದ್ಯ, ನನ್ನ ಮಗಳು ಬಚಾವು! ಕಿಟಕಿಗೆ ಬಾಗಿ, ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ, ಹೆಂಡತಿಯ ಹದಿನಾಲ್ಕರಲ್ಲಿ ತೀರಾ ಸಾದಾ ಹೆಸರೊಂದನ್ನು ಹೇಳಿದ.

"ಜೋರಾಗಿ ಹೇಳ್ರೀ, ಏನೂ ಕೇಳಿಸ್ತಿಲ್ಲ."

ಅವನು ಗಂಟಲು ತೋರಿಸಿ, ಕೆಮ್ಮಿ, ಚೀಟಿಯಲ್ಲಿ ಬರೆದು ಒಳಗೆ ತಳ್ಳಿದ. ಕ್ಲರ್ಕಮ್ಮ ಮಗು ಹುಟ್ಟಿದ ತಾರೀಖು ಕೇಳಿ, ದಪ್ಪ ರಿಜಿಸ್ಟರು ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ನಿಮ್ಮ ಮಗೂಗೆ ಹೆಸರಾಗಿದೆಯಲ್ರೀ! ಮಧ್ಯಾಹ್ನ ಹನ್ನೆರಡಕ್ಕೇ ತಾಯಿ ಬಂದು ಸಹಿ ಹಾಕಿದ್ದಾರೆ. ಇವತ್ತಿನ ಮೊದಲನೇ ಯೂಕಾನೇ ನಿಮ್ಮದು. ಇನ್ನು ತಿದ್ದೋಕೆ ನನಗೆ ಅಧಿಕಾರ ಇಲ್ಲ."

"ಏನು!" ಎಂದುಬಿಟ್ಟ ಮೈಕಣ್ಣ.

ಹನ್ನೆರಡು ವರ್ಷದ ಸರ್ವೀಸಿನ ದನಿ. ಕಿಟಕಿಯ ಗಾಜು ಝಲ್ಲೆಂದಿತು. ಬೆಂಚಿನ ಕಡೆಯಿಂದ ಎಲ್ಲರೂ ಒಟ್ಟಿಗೆ ಕೂಗಿದರು:

"ಅದೇ ದನಿ!"

ಮೈಕಣ್ಣ ಯಾವ ಬಾಗಿಲಿಂದ ಹೊರಬಿದ್ದನೋ ಅವನಿಗೇ ತಿಳಿಯದು. ಮನೆಯ ಬೀದಿ ಸೇರಿದಾಗ ಅಂಗಿಯ ಒಂದು ತೋಳು ಮೊಣಕೈವರೆಗೆ ಹರಿದಿತ್ತು, ಒಂದು ಚಪ್ಪಲಿ ಎಲ್ಲೋ ಉಳಿದಿತ್ತು.

ಹೆಂಡತಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಸುತ್ತ ನೆರೆಮನೆಯ ಹೆಂಗಸರು. ಕೈಯಲ್ಲಿ ಪ್ರಮಾಣಪತ್ರ. ಹನ್ನೊಂದು ತಿಂಗಳಿಂದ ಕಾಣದಿದ್ದ ನಗು ಅವಳ ಮುಖದಲ್ಲಿತ್ತು.

"ಮೈಕಲ್ಲಿ ಹೇಳಿದ್ದು ನಮ್ಮ ಬೀದಿವರೆಗೂ ಕೇಳಿಸ್ತು ರೀ! ಯೂಕಾ ನಮ್ಮ ಮಗಳು ಅಂತ ಇಡೀ ಊರಿಗೆ ಸಾರಿಬಿಟ್ರಲ್ಲ! ಕತ್ತರಿ ಅಲ್ಲೇ ಬಿಟ್ಟು ಓಡಿದೆ. ನಾಳೆ ನೀವು ಮತ್ತೆ ಬೇಡ ಅನ್ನೋ ಮುಂಚೆ ಬರೆಸಿಬಿಡೋಣ ಅಂತ." ಅವಳು ದನಿ ತಗ್ಗಿಸಿದಳು. "ನನ್ನ ಹದಿನಾಲ್ಕೂ ಇದರ ಮುಂದೆ ಏನೂ ಅಲ್ಲ ಬಿಡಿ. ಬೆಳಗ್ಗೆ ಬಾಯಿಗೆ ಬಂದ ಹಾಗೆ ಅಂದೆ, ಮನಸ್ಸಿಗೆ ಹಚ್ಕೋಬೇಡಿ."

ಮೈಕಣ್ಣ ಹರಿದ ತೋಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡ.

"ಅಂದ ಹಾಗೆ ಅರ್ಥ ಏನು ರೀ? ಆಗಿನಿಂದ ಇವರೆಲ್ಲ ಕೇಳ್ತಿದ್ದಾರೆ. ನಮ್ಮೆಜಮಾನ್ರು ಬಂದು ಹೇಳ್ತಾರೆ ಇರಿ ಅಂದಿದ್ದೀನಿ."

ಆರು ಜೊತೆ ಕಣ್ಣು ಅವನ ಮೇಲೆ. ಮಗುವಿನದು ಏಳನೆಯ ಜೊತೆ. ಅದು ಅಪ್ಪನನ್ನು ಕಂಡು ಕೇಕೆ ಹಾಕಿ, ಎರಡೂ ಕೈ ಚಾಚಿ ಅವನ ಮೇಲೆ ಹಾರಿತು. ಭುಜ ಹತ್ತಿ, ಕೂದಲು ಹಿಡಿದು ಜಗ್ಗಿತು. ಮೈಕಣ್ಣ ಗಂಟಲು ಸರಿಪಡಿಸಿಕೊಂಡ.

"ಎಂಥಾ ದೊಡ್ಡ ಮನುಷ್ಯರೇ ಇರಲಿ, ಅವರ ತಲೆ ಮೇಲೆ ಹತ್ತಿ ಕೂರೋಳು ಅಂತ" ಎಂದ.

"ಅಬ್ಬಾ!" ಎಂದಳು ಪಕ್ಕದ ಮನೆಯಾಕೆ, ಗಲ್ಲದ ಮೇಲೆ ಕೈಯಿಟ್ಟುಕೊಂಡು. "ನಮ್ಮ ಸೊಸೆಗೆ ಮುಂದಿನ ವಾರವೇ ಹೆರಿಗೆ. ಹೆಣ್ಣಾದ್ರೆ ಇದೇ ಹೆಸರು!"