ಅರವತ್ತನೇ ಮೀಟರಿನ ಪಕ್ಕೆನೋವು

ಜ್ವರ ಬಂದರೆ ಮಾತ್ರೆ ನುಂಗಿ ಪಾಠ ಮಾಡಬಹುದು. ತಲೆನೋವಿದ್ದರೆ ಮುಖ ಗಂಟಿಕ್ಕಿಕೊಂಡು ತರಗತಿಗೆ ಹೋದರಾಯಿತು, ಮಕ್ಕಳು ಅದನ್ನು ಶಿಸ್ತು ಎಂದುಕೊಂಡು ಸುಮ್ಮನೆ ಕೂರುತ್ತಾರೆ. ಸೊಂಟನೋವಿಗೆ ಕುರ್ಚಿ ಉಂಟು, ಗಂಟಲುನೋವಿಗೆ ‘ಪುಟ ನಲವತ್ತೆರಡರ ಲೆಕ್ಕ ಮಾಡಿ’ ಎಂಬ ಮಂತ್ರ ಉಂಟು. ಇಪ್ಪತ್ತನಾಲ್ಕು ವರ್ಷಗಳಿಂದ ಗಣಿತ ಕಲಿಸುತ್ತಿರುವ ನನಗೆ ಮೈಯ ಬಹುತೇಕ ನೋವುಗಳನ್ನು ಮುಚ್ಚಿಡುವ ವಿದ್ಯೆ ಕರಗತವಾಗಿದೆ. ಮುಚ್ಚಿಡಲಾಗದ ನೋವು ಒಂದೇ, ಓಡುವಾಗ ಪಕ್ಕೆ ಹಿಡಿಯುವುದು. ಅದು ಬರುವುದೇ ನೂರಾರು ಜನ ನೋಡುತ್ತಿರುವಾಗ, ಸುಣ್ಣದ ಗೆರೆಗಳ ನಡುವೆ. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ ಶುರುವಾಗಿ, ನಾಲ್ಕು ಹೆಜ್ಜೆಯಲ್ಲಿ ನೆಟ್ಟಗಿದ್ದವರನ್ನು ಕೊಕ್ಕೆಯ ಆಕಾರಕ್ಕೆ ತಂದುಬಿಡುತ್ತದೆ. ನನಗೆ ಅದು ಹಿಡಿಯುವುದು ಸರಿಯಾಗಿ ಅರವತ್ತನೇ ಮೀಟರಿಗೆ. ಗಣಿತದವಳಾದ್ದರಿಂದ ಅಳತೆಯಲ್ಲಿ ತಪ್ಪಿಲ್ಲ.

ಈ ವಯಸ್ಸಿನಲ್ಲಿ ಓಡು ಎಂದು ನಿನಗೆ ಯಾರು ಹೇಳಿದರು ಎಂದು ನೀವು ಕೇಳಬಹುದು. ನನ್ನ ಅತ್ತೆಯೂ ಅದನ್ನೇ ಕೇಳುತ್ತಾರೆ. ವಿಷಯ ಏನೆಂದರೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕಿನ ಶಿಕ್ಷಕರು ಸೇರಿ ವರ್ಷಕ್ಕೊಮ್ಮೆ, ಸರದಿಯಂತೆ ಒಂದೊಂದು ತಾಲೂಕಿನಲ್ಲಿ, ಕ್ರೀಡಾಕೂಟ ಮಾಡುತ್ತೇವೆ. ಅದರಲ್ಲಿ ಶಿಕ್ಷಕಿಯರ ರಿಲೇ ಉಂಟು, ಒಬ್ಬೊಬ್ಬರಿಗೆ ನೂರು ಮೀಟರ್. ತಂಡದ ನಾಲ್ವರಲ್ಲಿ ಇಬ್ಬರು ನಲವತ್ತೈದು ದಾಟಿದವರಿರಬೇಕು ಎಂಬುದು ನಿಯಮ. ಬಂಟ್ವಾಳ ತಂಡದಲ್ಲಿ ಆ ನಿಯಮವನ್ನು ಪೂರೈಸುವುದು ನಾನು ಮತ್ತು ಜುಬೈದಾ ಟೀಚರ್. ಮೊದಲ ಎರಡು ಓಟ ಎಳೆಯ ಟೀಚರುಗಳದು, ಮೂರನೆಯದು ನನ್ನದು, ಕೊನೆಯದು ಜುಬೈದಾ ಟೀಚರದು. ಅವರು ನಮ್ಮ ಶಾಲೆಯಲ್ಲೇ ಹಿಂದಿ ಕಲಿಸುವವರು, ಬರುವ ಮಾರ್ಚಿಗೆ ನಿವೃತ್ತಿ. ಆದರೂ ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವರು ಅವರೇ. ಫರಂಗಿಪೇಟೆಯಿಂದ ಎರಡು ಬಸ್ಸು ಹತ್ತಿ ಕಲ್ಲಡ್ಕದ ಕಡೆಗಿರುವ ನಮ್ಮ ಶಾಲೆಗೆ ಬರುತ್ತಾರೆ. ನಮ್ಮ ಸರ್ವೀಸ್ ಬಸ್ಸುಗಳು ನಿಲ್ಲುತ್ತವೆಯೇ? ವೇಗ ಸ್ವಲ್ಪ ಕಡಿಮೆ ಮಾಡುತ್ತವೆ ಅಷ್ಟೆ. ಮೂವತ್ತು ವರ್ಷ ಅದರ ಹಿಂದೆ ಓಡಿದವರಿಗೆ ಬೇರೆ ತರಬೇತಿ ಬೇಡ.

ಈಗ ಕಳೆದ ವರ್ಷದ ಕಥೆ ಹೇಳಬೇಕು. ಇದನ್ನು ಒಂದು ವರ್ಷ ಯಾರಿಗೂ ಹೇಳಿರಲಿಲ್ಲ. ಕೂಟ ಬೆಳ್ತಂಗಡಿಯವರದ್ದು, ಲಾಯಿಲದ ಹತ್ತಿರದ ಮೈದಾನದಲ್ಲಿ. ನಮ್ಮ ಕ್ರೀಡಾಕೂಟದಲ್ಲಿ ನಿಜವಾದ ಸ್ಪರ್ಧೆ ನಡೆಯುವುದು ಟ್ರ್ಯಾಕಿನಲ್ಲಿ ಅಲ್ಲ, ತಿಂಡಿಯ ಪೆಂಡಾಲಿನಲ್ಲಿ. ಓಟದಲ್ಲಿ ಸೋತರೆ ಸಂಜೆಗೆ ಮರೆಯುತ್ತಾರೆ, ತಿಂಡಿ ಕಡಿಮೆ ಬಿದ್ದರೆ ಮುಂದಿನ ಸರದಿ ಬರುವವರೆಗೂ ಹೇಳುತ್ತಾರೆ. ಹಾಗಾಗಿ ಆತಿಥೇಯ ತಾಲೂಕಿನವರು ಬಡಿಸುವುದಲ್ಲ, ತುಂಬಿಸುವುದು. ಅಂದು ಬಾಳೆಹಣ್ಣು ಹಾಕಿ ಕಲಸಿದ ಬನ್ಸು, ಆಗಷ್ಟೇ ಬಾಣಲೆಯಿಂದ ತೆಗೆದದ್ದು, ಬಿಸಿ, ಉಬ್ಬಿದ್ದು. ಎರಡು ತಿಂದೆ. ಉದ್ಘಾಟನೆಗೆ ಬರಬೇಕಾದ ಅತಿಥಿಗಳು ಇನ್ನೂ ಬಂದಿರಲಿಲ್ಲ, ಮೂರನೆಯದು ತಿಂದೆ. ಅತಿಥಿಗಳು ಬಂದರು, ಕ್ರೀಡೆಯಿಂದ ಆರೋಗ್ಯ ಎಂಬ ವಿಷಯದ ಮೇಲೆ ಐವರು ಮಾತಾಡಿದರು. ಐದನೆಯವರ ಹೊತ್ತಿಗೆ ನಾನು ಮೆಲ್ಲಗೆ ಪೆಂಡಾಲಿಗೆ ಹೋಗಿ ನಾಲ್ಕನೆಯದನ್ನು ಕೈಗೆತ್ತಿಕೊಂಡಿದ್ದೆ. ಆಗಲೇ ಮೈಕಿನಲ್ಲಿ, ‘ರಿಲೇ ತಂಡಗಳು ಕೂಡಲೇ ಮೈದಾನಕ್ಕೆ ಬರಬೇಕು’ ಎಂದು ಕರೆದದ್ದು. ಇಡೀ ಬನ್ಸನ್ನು ಎರಡು ತುತ್ತಿನಲ್ಲಿ ಮುಗಿಸಿ, ಕೈಯನ್ನು ಪೇಪರಿನ ಚೂರಿಗೆ ಒರೆಸಿ ಓಡಿದೆ. ತೊಳೆಯಲಿಲ್ಲ.

ಅರವತ್ತನೇ ಮೀಟರಿಗೆ ಪಕ್ಕೆ ಹಿಡಿಯಿತು. ಉಳಿದ ನಲವತ್ತನ್ನು ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಬ್ಯಾಟನ್ ಹಿಡಿದು ಬಗ್ಗಿಕೊಂಡೇ ದಾಟಿದೆ. ಹಾಗೂ ಹೀಗೂ ಜುಬೈದಾ ಟೀಚರ ಕೈಗೆ ಕೋಲು ಮುಟ್ಟಿಸಿದೆ. ಅದು ಅವರ ಕೈಯಿಂದ ಸುರ್ರೆಂದು ಜಾರಿ ನೆಲಕ್ಕೆ ಬಿತ್ತು. ಅವರು ಹೆಕ್ಕಿ ಓಡುವಾಗ ಉಳಿದಿಬ್ಬರು ದಾರ ಮುಟ್ಟಿಯಾಗಿತ್ತು. ಮೂರೇ ತಂಡ ಇರುವುದರಿಂದ ನಮಗೂ ಬಹುಮಾನ ಬಂತು ಅನ್ನಿ, ತಲೆಗೊಂದು ಪ್ಲಾಸ್ಟಿಕ್ ಬೇಸಿನ್. ಏನಾಯಿತು ಎಂದು ಎಲ್ಲರೂ ಕೇಳಿದಾಗ ನಾನು, ‘ಸ್ನಾಯು ಸೆಳೆತ’ ಎಂದೆ. ಬನ್ಸು ಎನ್ನುವುದಕ್ಕಿಂತ ಅದರಲ್ಲಿ ಘನತೆ ಇತ್ತು. ಜುಬೈದಾ ಟೀಚರ್ ತಲೆ ತಗ್ಗಿಸಿ, ‘ನನ್ನ ಕೈ ಬೆವರಿತ್ತು’ ಎಂದರು. ಕೈ ಬೆವರಿದ್ದಲ್ಲ, ಕೋಲಿಗೆ ಎಣ್ಣೆ ಹತ್ತಿದ್ದು, ಎಣ್ಣೆ ನನ್ನ ಕೈಯದು ಎಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಅದರ ಫಲ ಒಂದು ವರ್ಷ ಉಂಡೆ. ನಮ್ಮ ಪಿ.ಟಿ. ಮಾಸ್ಟ್ರು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗಲೆಲ್ಲ, ‘ಜುಬೈದಾ ಟೀಚರ ಕೈ ಜಾರದಿದ್ರೆ ಎರಡನೇ ಸ್ಥಾನ ನಮ್ಮದೇ ಇತ್ತು’ ಎನ್ನುವರು. ಜುಬೈದಾ ಟೀಚರ್ ನಗುವರು. ನಾನು ಉತ್ತರ ಪತ್ರಿಕೆಗಳೊಳಗೆ ಮುಖ ಹುದುಗಿಸಿಕೊಳ್ಳುವೆ. ಮೂವತ್ತು ವರ್ಷ ಯಾರ ಬಾಯಿಗೂ ಸಿಗದ ಹೆಂಗಸು ನನ್ನ ನಾಲ್ಕು ಬನ್ಸಿನ ದೆಸೆಯಿಂದ ಕೋಲು ಬೀಳಿಸಿದವರು ಎನಿಸಿಕೊಂಡು ಮನೆಗೆ ಹೋಗಬೇಕೇ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಸರಿ, ಈ ವರ್ಷವಾದರೂ ಪಕ್ಕೆ ಹಿಡಿಯದಂತೆ ಓಡಿ, ಒಣಗಿದ ಕೋಲನ್ನು ಅವರ ಕೈಗೆ ನೆಟ್ಟಗೆ ಕೊಡಬೇಕು ಎಂದು ತೀರ್ಮಾನಿಸಿದೆ. ಔಷಧಿ ಹುಡುಕಲು ಹೊರಟರೆ ಊರೆಲ್ಲ ವೈದ್ಯರೇ. ಅತ್ತೆ ದಿನಾ ಬೆಳಿಗ್ಗೆ ಓಮದ ಕಷಾಯ ಕೊಟ್ಟು, ‘ಓಡದಿದ್ರೆ ಇದೂ ಬೇಡ’ ಎಂದು ಸೇರಿಸುತ್ತಿದ್ದರು. ನನ್ನ ಗಂಡ ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರು. ಅವರು ನನ್ನ ಪಕ್ಕೆಯನ್ನು ಎರಡು ಬೆರಳಲ್ಲಿ ತಟ್ಟಿ ಶಬ್ದ ಕೇಳಿ, ‘ಉಬ್ಬರ’ ಎಂದರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಇಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು. ‘ದನ ಓಡುವಾಗ ಯಾಕೆ ಪಕ್ಕೆ ಹಿಡಿಯುದಿಲ್ಲ ಗೊತ್ತುಂಟಾ?’ ಎಂದು ಕೇಳಿದರು. ಯಾಕೆ ಎಂದೆ. ‘ಅದಕ್ಕೆ ಬೇಸಿನ್ ಬೇಡ, ಹಾಗೆ,’ ಎಂದು ಟಿ.ವಿ. ಕಡೆಗೆ ತಿರುಗಿದರು.

ಕೊನೆಗೆ ಉಪಯೋಗಕ್ಕೆ ಬಂದದ್ದು ಪಿ.ಟಿ. ಮಾಸ್ಟ್ರ ಉಪದೇಶವೇ. ‘ಟೀಚರೇ, ನೀವು ಉಸಿರು ಕಟ್ಟಿಕೊಂಡು ಓಡ್ತೀರಿ. ಬಿಡ್ಬೇಕು. ಎಡಗಾಲು ನೆಲಕ್ಕೆ ಬಿದ್ದಾಗ ಬಾಯಲ್ಲಿ ಫೂ ಅಂತ ಬಿಡಿ. ಹಿಡಿದ್ರೆ ಅಲ್ಲಿ ಕೈಯಲ್ಲಿ ಒತ್ತಿ, ಮತ್ತೂ ಜೋರು ಬಿಡಿ. ನಿಲ್ಬೇಡಿ. ಮುಖ್ಯವಾಗಿ ಹೊಟ್ಟೆ ಖಾಲಿ ಇಡಿ,’ ಎಂದರು. ಕೊನೆಯ ಮಾತನ್ನು ಹೇಳುವಾಗ ಅವರು ನನ್ನನ್ನೇ ನೋಡಿದಂತೆ ಅನಿಸಿತು, ಕಳ್ಳನ ಮನಸ್ಸು ಹುಳ್ಳಗೆ. ಅಂದಿನಿಂದ ಸಂಜೆ ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಫೂ, ಫೂ ಎನ್ನುತ್ತ ಓಡತೊಡಗಿದೆ. ಒಂದು ವಾರದಲ್ಲಿ ಒಂಬತ್ತನೇ ತರಗತಿಯಲ್ಲಿ ನಾನು ಬೋರ್ಡಿನ ಕಡೆ ತಿರುಗಿದಾಗೆಲ್ಲ ಹಿಂದಿನ ಬೆಂಚಿನಿಂದ ಸಣ್ಣ ಫೂ ಕೇಳಿಸಲು ಶುರುವಾಯಿತು. ಮುಖ ಗಂಟಿಕ್ಕಿದರೂ ನಿಲ್ಲಲಿಲ್ಲ. ಇನ್ನೂ ದೊಡ್ಡ ತ್ಯಾಗವೆಂದರೆ ಬನ್ಸು ಬಿಟ್ಟದ್ದು. ಕಲ್ಲಡ್ಕದ ಹೋಟೆಲುಗಳ ಮುಂದೆ ಹಾದುಹೋಗುವಾಗ ಮುಖವನ್ನು ರಸ್ತೆಯ ಆಚೆ ಬದಿಗೆ ತಿರುಗಿಸಿಕೊಂಡು ನಡೆಯುತ್ತಿದ್ದೆ. ಆಚೆ ಬದಿಯಲ್ಲೂ ಹೋಟೆಲೇ ಇತ್ತು.

ಈ ವರ್ಷದ ಕೂಟ ಮೂಡುಬಿದಿರೆಯಲ್ಲಿ. ಬೆಳಿಗ್ಗೆ ಒಂದು ಲೋಟ ಕಷಾಯ ಬಿಟ್ಟರೆ ಏನೂ ಮುಟ್ಟದೆ ಹೊರಟಿದ್ದೆ. ಪೆಂಡಾಲಿನ ಬಾಗಿಲಲ್ಲೇ ಅಲ್ಲಿಯ ಹಿರಿಯ ಹೆಡ್‌ಮಾಸ್ಟ್ರೊಬ್ಬರು ನಿಂತು ಒಬ್ಬೊಬ್ಬರನ್ನೂ ಕೈಹಿಡಿದು ಒಳಗೆ ಕೂಡಿಸುತ್ತಿದ್ದರು. ಅವರ ಹಿಂದಿನಿಂದ ಬರುತ್ತಿದ್ದ ವಾಸನೆಯಿಂದಲೇ ನನಗೆ ತಿಳಿಯಿತು, ಬನ್ಸು. ಬೇಡ ಸರ್, ಓಟ ಉಂಟು ಎಂದೆ. ‘ಓಟ ಎಲ್ಲಿಗೆ ಹೋಗ್ತದೆ ಟೀಚರೇ? ಬಂಟ್ವಾಳದವರು ನಮ್ಮಲ್ಲಿಗೆ ಬಂದು ಖಾಲಿ ಹೊಟ್ಟೆಯಲ್ಲಿ ಓಡಿದ್ರು ಅಂತ ಆದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?’ ಎಂದು ತಟ್ಟೆ ಕೈಗಿಟ್ಟೇಬಿಟ್ಟರು. ನಮ್ಮ ಕಡೆ ಕೈಗೆ ಬಂದ ತಟ್ಟೆಯನ್ನು ತಿರುಗಿಸಿ ಕೊಡುವ ಪದ್ಧತಿ ಇಲ್ಲ. ಅವರು ಬೇರೆಯವರ ಕಡೆ ತಿರುಗಿದ ಕೂಡಲೇ ಎರಡೂ ಬನ್ಸನ್ನು ಪೇಪರಿನಲ್ಲಿ ಸುತ್ತಿ ವ್ಯಾನಿಟಿ ಬ್ಯಾಗಿಗೆ ಇಳಿಸಿದೆ. ಆಮೇಲೆ ನಳ್ಳಿಯ ಹತ್ತಿರ ಹೋಗಿ ಸಾಬೂನು ಹಾಕಿ ಕೈ ತೊಳೆದೆ. ಉದ್ಘಾಟನೆಯ ಭಾಷಣಗಳ ನಡುವೆ ಇನ್ನೂ ಎರಡು ಸಲ ತೊಳೆದೆ. ವಿಚಿತ್ರವೆಂದರೆ ಮೂರು ಸಲವೂ ನಳ್ಳಿಯ ಹತ್ತಿರ ಜುಬೈದಾ ಟೀಚರ್ ಇದ್ದರು. ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿದೆವು.

ಅಂತೂ ಓಟ ಶುರುವಾಯಿತು. ಎಳೆಯವರಿಬ್ಬರೂ ಚೆನ್ನಾಗಿಯೇ ಓಡಿ, ಕೋಲು ನನ್ನ ಕೈಗೆ ಬರುವಾಗ ನಾವು ಬೆಳ್ತಂಗಡಿಯವರಿಗೆ ಸರಿಸಮಾನ ಇದ್ದೆವು. ಫೂ ಎನ್ನುತ್ತ ಹೊರಟೆ. ಇಪ್ಪತ್ತು, ನಲವತ್ತು, ಏನೂ ಇಲ್ಲ. ಐವತ್ತಕ್ಕೂ ಇಲ್ಲ. ಖಾಲಿ ಹೊಟ್ಟೆಯ ಮಹಿಮೆ ಎಂದುಕೊಂಡೆನೋ ಇಲ್ಲವೋ, ಅರವತ್ತನೇ ಮೀಟರಿಗೆ ಸರಿಯಾಗಿ ಅದೇ ಹೆಬ್ಬೆರಳು ಅದೇ ಜಾಗದಲ್ಲಿ ಒತ್ತಿತು. ಒಂದು ವರ್ಷ ನಾನು ಬನ್ಸನ್ನು ಬೈದದ್ದು ವ್ಯರ್ಥವೇ ಎಂದು ಅಳು ಬರುವಂತಾಯಿತು. ಆದರೆ ಮುಂದೆ ಜುಬೈದಾ ಟೀಚರ್ ಸ್ಕಾರ್ಫಿಗೆ ನಾಲ್ಕು ಪಿನ್ನು ಹಾಕಿ, ಕೈ ಹಿಂದಕ್ಕೆ ಚಾಚಿ ನಿಂತದ್ದು ಕಾಣುತ್ತಿತ್ತು. ಅದು ಅವರ ಕೊನೆಯ ಓಟ. ಎಡಗೈಯಲ್ಲಿ ಪಕ್ಕೆಯನ್ನು ಗಟ್ಟಿ ಒತ್ತಿದೆ, ಉಸಿರನ್ನೆಲ್ಲ ಹೊರಗೆ ದೂಡಿದೆ. ಇನ್ನೊಂದು ಸಲ, ಮತ್ತೊಂದು ಸಲ. ಆರೋ ಏಳೋ ಹೆಜ್ಜೆಗೆ ಹಿಡಿದದ್ದು ಮೆಲ್ಲನೆ ಸಡಿಲವಾಯಿತು. ಪೂರ್ತಿ ಬಿಡಲಿಲ್ಲ, ಆದರೆ ಬಗ್ಗಿಸಲೂ ಇಲ್ಲ. ಕೋಲನ್ನು ಅವರ ಅಂಗೈಗೆ ಒತ್ತಿ ಇಟ್ಟೆ. ಅವರ ಬೆರಳು ಅದನ್ನು ಮುಚ್ಚಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಹುಲ್ಲಿನ ಮೇಲೆ ಕುಸಿದೆ.

ಅವರು ಬಸ್ಸು ಹೊರಟುಹೋಗುತ್ತಿರುವಂತೆ ಓಡಿದರು. ಮೂಡುಬಿದಿರೆಯವರು ಮೊದಲು ಬಂದರು, ನಾವು ಎರಡನೆಯವರು. ಬೆಳ್ತಂಗಡಿಯ ಟೀಚರು ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಎರಡು ಹೆಜ್ಜೆ ಹಿಂದೆ ಉಳಿದರು. ಪಿ.ಟಿ. ಮಾಸ್ಟ್ರು ವಿಸಿಲನ್ನು ಬಾಯಿಂದ ತೆಗೆಯದೆಯೇ ಚಪ್ಪಾಳೆ ತಟ್ಟುತ್ತಿದ್ದರು. ಇನ್ನು ಮಾರ್ಚಿನವರೆಗೆ ಸ್ಟಾಫ್ ರೂಮಿನ ಚಹಾದ ಜೊತೆ ಈ ಓಟದ ಮಾತೇ ಹೊರತು ಜಾರಿದ ಕೋಲಿನದ್ದಲ್ಲ ಎಂದು ಯೋಚಿಸಿದಾಗ, ಮಳೆಗಾಲ ಮುಗಿದು ಒದ್ದೆ ಗೋಣಿಯನ್ನು ಬಿಸಿಲಿಗೆ ಹಾಕಿದ ಹಾಗೆ ಎದೆ ಹಗುರಾಯಿತು.

ಬಹುಮಾನದ ಸ್ಟೀಲ್ ಡಬ್ಬಿ ಹಿಡಿದುಕೊಂಡು ಇಬ್ಬರೂ ಮೈದಾನದ ಬದಿಯ ಮರದ ಕೆಳಗೆ ಕುಳಿತೆವು. ಬ್ಯಾಗಿನಿಂದ ಪೇಪರಿನ ಕಟ್ಟು ತೆಗೆದು ಒಂದು ಬನ್ಸು ಅವರಿಗೆ ಕೊಟ್ಟು, ಒಂದನ್ನು ನಾನು ಮುರಿದೆ. ತಣ್ಣಗಾಗಿತ್ತು, ಆದರೆ ಇಷ್ಟು ದಿನದ ಉಪವಾಸದ ಮೇಲೆ ಅದಕ್ಕೇನು. ಇದೇ ಸಮಯ ಎಂದು ಧೈರ್ಯ ಮಾಡಿದೆ. ‘ಟೀಚರ್, ಕಳೆದ ವರ್ಷ ನಿಮ್ಮ ಕೈ ಬೆವರಿತ್ತು ಅಂದಿದ್ರಲ್ಲ, ಅದು ಬೆವರಲ್ಲ...’ ಎಂದು ಶುರು ಮಾಡುವಷ್ಟರಲ್ಲಿ ಅವರ ಮುಖ ಬಾಡಿಹೋಯಿತು. ‘ನಿಮಗೆ ಗೊತ್ತಿತ್ತಾ?’ ಎಂದರು. ಏನು ಗೊತ್ತಿತ್ತು ಎಂದು ನಾನು ಕೇಳುವ ಮೊದಲೇ ಮುಂದುವರಿಸಿದರು: ‘ಹೌದು ಟೀಚರ್, ಬೆವರಲ್ಲ, ಎಣ್ಣೆ. ಭಾಷಣ ಆಗುವಾಗ ನಾನು ಪೆಂಡಾಲಿನ ಹಿಂದೆ ಹೋಗಿ ಬನ್ಸು ತಿಂದಿದ್ದೆ. ಕೈ ತೊಳೀಲಿಕ್ಕೆ ಆಗ್ಲಿಲ್ಲ, ಮೈಕಲ್ಲಿ ಕರೆದ್ರು. ನೀವು ಪಾಪ, ಸ್ನಾಯು ಸೆಳೆತದಲ್ಲಿ ಅಷ್ಟು ಕಷ್ಟಪಟ್ಟು ತಂದ ಕೋಲು. ನಾನು ಬೀಳಿಸಿದೆ. ಒಂದು ವರ್ಷದಿಂದ ನಿಮ್ಮ ಮುಖ ನೋಡುವಾಗ ನನಗೆ ಒಂಥರಾ ಆಗ್ತಿತ್ತು.’

ಇಲ್ಲಿ ನಾನು ದೊಡ್ಡ ಮನಸ್ಸಿನಿಂದ ಅವರನ್ನು ಕ್ಷಮಿಸಿಬಿಡಬಹುದಿತ್ತು. ಸುಳ್ಳೇಕೆ, ಒಂದು ಕ್ಷಣ ಹಾಗೆ ಮಾಡುವ ಎಂದೇ ಕಂಡಿತು. ಆದರೆ ನಳ್ಳಿಯ ಹತ್ತಿರ ಮೂರು ಮೂರು ಸಲ ಕೈ ತೊಳೆಯುತ್ತಿದ್ದ ಇಬ್ಬರು ಟೀಚರುಗಳು ಕಣ್ಣ ಮುಂದೆ ಬಂದು ನಗು ತಡೆಯಲಾಗಲಿಲ್ಲ. ‘ಎಷ್ಟು ತಿಂದಿದ್ರಿ?’ ಎಂದು ಕೇಳಿದೆ. ‘ಎರಡು,’ ಎಂದರು. ‘ನಾನು ನಾಲ್ಕು. ನಾನೂ ತೊಳೆದಿರ್ಲಿಲ್ಲ. ಸ್ನಾಯು ಸೆಳೆತವೂ ಅದೇ,’ ಎಂದೆ. ಅವರು ನನ್ನನ್ನು ನೋಡಿದರು, ಕೈಯಲ್ಲಿದ್ದ ಬನ್ಸನ್ನು ನೋಡಿದರು, ಆಮೇಲೆ ಸ್ಕಾರ್ಫಿನ ತುದಿಯನ್ನು ಬಾಯಿಗೆ ಒತ್ತಿ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ನಾನೂ ಬಾಯಲ್ಲಿ ಬನ್ಸು ಇಟ್ಟುಕೊಂಡೇ ನಕ್ಕೆ. ಪಕ್ಕೆ ಹಿಡಿಯಿತು. ಅರವತ್ತು ಮೀಟರು ಬಿಡಿ, ಒಂದಡಿಯೂ ಓಡದೆ ಹಿಡಿಯಿತು. ಹೊಟ್ಟೆ ಹಿಡಿದು ಬಗ್ಗಿಬಿಟ್ಟೆ. ಫೂ ಎನ್ನಲು ನೋಡಿದರೆ ಬಾಯಿ ಖಾಲಿ ಇಲ್ಲ.

ದೂರದಿಂದ ಕಂಡ ಪಿ.ಟಿ. ಮಾಸ್ಟ್ರು ಗಾಬರಿಯಿಂದ ಓಡಿಬಂದು, ‘ಏನಾಯ್ತು ಟೀಚರೇ?’ ಎಂದರು. ನಾನು ತುಂಬಿದ ಬಾಯಿಗೆ ಕೈ ಅಡ್ಡ ಹಿಡಿದೆ. ಜುಬೈದಾ ಟೀಚರ್ ಕೈಯಲ್ಲಿದ್ದ ಬನ್ಸನ್ನು ಮೆಲ್ಲಗೆ ಸ್ಟೀಲ್ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿ, ನನ್ನ ಬೆನ್ನು ನೀವುತ್ತ ಹೇಳಿದರು, ‘ಸ್ನಾಯು ಸೆಳೆತ ಸರ್. ಟೀಚರಿಗೆ ಅದು ಕಳೆದ ವರ್ಷದಿಂದ ಉಂಟು.’