ದೇವಡಿಯ ಮಂಗಗಳಿಗೆ ದೇವಿ ಬಂದಾಗ

"ಹೆಣ್ಣಮಗಳು ಮಂಗ್ಯಾ ಸಂಭಾಳಿಸ್ತಾಳೇನ್ರಿ? ಎಂಟು ದಿನ ನಿಲ್ಲಂಗಿಲ್ಲ ಈಕಿ" ಎಂದು ಜಾಗೀರದಾರರ ಮುಂದೆ ಹೇಳಿದವರು ಅವರ ಕಾಗದಪತ್ರ ನೋಡುವ ಮುನ್ಷಿ. ನಾರಾಯಣಖೇಡದ ದೇವಡಿಯಲ್ಲಿ, ಅಂದರೆ ಜಾಗೀರದಾರರ ವಾಡೆಯಲ್ಲಿ, ಹನ್ನೆರಡು ಮಂಗಗಳನ್ನು ನೋಡಿಕೊಳ್ಳುತ್ತಿದ್ದ ನನ್ನ ಗಂಡ ತೀರಿಕೊಂಡಿದ್ದ. ಆ ಕೆಲಸ ನನಗೇ ಬೇಕೆಂದು ಹಟ ಹಿಡಿದಿದ್ದೆ. ಎಂಟು ದಿನವಲ್ಲ, ಒಂಬತ್ತು ವರ್ಷ ನಿಂತೆ. ಮಂಗಗಳೂ ಮುನ್ಷಿಯೂ ಒಂದೇ ಅಂಗಳದಲ್ಲಿದ್ದರೆ ನಗುವಿಗೆ ಬರವೇ? ಆದರೆ ದೇವಿ ಬಂದ ವರ್ಷದ ಮಾತಷ್ಟೇ ಬರೆಯುತ್ತೇನೆ. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಾರೆ.

೧. ಟೋಪಿ

ದೇವಿ ಮೊದಲು ಊರಿಗೆ ಬಂತು, ಆಮೇಲೆ ಕೊನೆಯ ಗೂಡಿನ ಮುದಿ ಮಂಗನ ಮುಖದ ಮೇಲೆ ಗುಳ್ಳೆ ಎದ್ದವು. ಮುನ್ಷಿ ಓಡಿ ಬಂದರು. "ತಾಯಿ ಬಂದಾಳ! ಒಗ್ಗರಣಿ ಹಾಕಬ್ಯಾಡ!" ಎಂದು ನನಗೆ ಅಪ್ಪಣೆ ಮಾಡಿ, ಗೂಡಿಗೆ ಬೇವಿನ ತೊಪ್ಪಲು ಕಟ್ಟಿ, "ತಪ್ಪಾತು ತಾಯಿ" ಎಂದು ಬಗ್ಗಿ ಕೈಮುಗಿದರು. ಮಂಗ ಕೈ ಚಾಚಿ ಅವರ ಟೋಪಿ ಎಳೆದು ತಾನೇ ಹಾಕಿಕೊಂಡಿತು.

"ಕಸಗೊಂಡು ಕೊಡ್ಲೇನ್ರಿ?" ಎಂದೆ.

"ಹುಚ್ಚೀ, ತಾಯಿ ಬೇಡಿದ್ದು ತಿರುಗಿ ಇಸಗೋತಾರೇನು?"

ಬರಿತಲೆಯಲ್ಲೇ ಜಾಗೀರದಾರರ ಮುಂದೆ ಹೋಗಿ ನಿಂತರು.

೨. ಕಾಗದದ ಬೆನ್ನು

ಜಾಗೀರದಾರರಿಗೆ ಭಯ ಹತ್ತಿತು. ಇನ್ನೊಂದು ಮಂಗಕ್ಕೆ ದೇವಿ ಬಂದರೂ ಅಷ್ಟನ್ನೂ ಗುಂಡಿಕ್ಕಿಸಿ ಹೂಳಿಸುತ್ತೇನೆ, ನೀನೂ ಗಂಟು ಕಟ್ಟು ಎಂದರು. ಅಷ್ಟರಲ್ಲಿ ಜಹೀರಾಬಾದಿನ ಸರ್ಕಾರಿ ದವಾಖಾನೆಯಿಂದ ಒಂದು ಕಾಗದ ಬಂತು. ಮುನ್ಷಿ ಅದನ್ನು ಮುಖದ ಮುಂದೆ ಎತ್ತಿ ಹಿಡಿದು ಉರ್ದು ಓದಿದರು: ಹೆದರಬೇಕಾಗಿಲ್ಲ, ಪ್ರಾರ್ಥನೆ ಸಾಕು.

ಕಾಗದದ ಬೆನ್ನಿಗೆ ಅದೇ ಒಕ್ಕಣೆ ಕನ್ನಡದಲ್ಲಿತ್ತು, ಅದು ನನ್ನ ಕಡೆಗಿತ್ತು. ಬೆಲ್ಲ ಕಟ್ಟಿ ಕೊಡುವ ಕಾಗದಗಳಲ್ಲಿ ನಾನು ಅಕ್ಷರ ಕಲಿತದ್ದು ಯಾರಿಗೂ ಗೊತ್ತಿರಲಿಲ್ಲ. ಗಟ್ಟಿಯಾಗಿ ಓದಿದೆ: "ರೋಗಿಯನ್ನು ಬೇರೆ ಇಡಬೇಕು. ಬಟ್ಟೆ ಸುಡಬೇಕು. ಎಲ್ಲರೂ ದೇವಿ ಹಾಕಿಸಿಕೊಳ್ಳಬೇಕು."

ದೇವಿ ಹಾಕುವುದೆಂದರೆ ಸಿಡುಬು ಬಾರದಂತೆ ತೋಳಿಗೆ ಸೂಜಿ ಚುಚ್ಚುವುದು; ಮುನ್ಷಿಗೆ ಸೂಜಿಯೆಂದರೆ ಜೀವ ಹೋಗುತ್ತಿತ್ತು. ಆ ಒಂದು ಸಾಲಿಗೆ ಹೆದರಿ ಕಾಗದದ ಮಾತನ್ನೆಲ್ಲ ನುಂಗಿದ್ದರು. ಜಾಗೀರದಾರರು, ಹಾಗಾದರೆ ಮನುಷ್ಯರಿಗೂ ಹಾಕಲಿ, ಮಂಗಗಳಿಗೂ ಹಾಕಲಿ ಎಂದರು.

ಮುದಿ ಮಂಗನನ್ನು ಹಿತ್ತಲ ಕೊಟ್ಟಿಗೆಗೆ ಒಯ್ದೆ. ಗೂಡಿನ ಹುಲ್ಲು ಸುಟ್ಟೆ, ಟೋಪಿಯನ್ನೂ ಸುಟ್ಟೆ. "ತಾಯಿದು ಅದು!" ಎಂದು ಮುನ್ಷಿ ಕೂಗಿದರು. "ಹೌದ್ರಿ, ಆಕಿಗೇ ಮುಟ್ಟಿಸಾಕತ್ತೀನಿ" ಎಂದೆ.

೩. ಹನ್ನೆರಡನೆಯ ಗೂಡು

ದೇವಿ ಹಾಕುವವನು ಬರಲು ಆರು ದಿನವಿತ್ತು. ಸೂಜಿ ರೂಢಿಯಾಗಲೆಂದು ದಿನವೂ ಮಂಗಗಳ ತೋಳಿಗೆ ಕಡ್ಡಿ ಚುಚ್ಚಿದೆ. ಕಂಬಿಯಿಂದ ಕೈ ಹೊರಗಿಟ್ಟವಕ್ಕೆ ಶೇಂಗಾ ಕೊಟ್ಟೆ. ಅವನು ಬಂದ ದಿನ ದೇವಡಿಯ ಮಂದಿ ಜೋಳದ ಹೊಲಕ್ಕೆ ಓಡಿದರು. ನನ್ನ ಹನ್ನೊಂದು ಮಂಗಗಳು ಸಾಲಾಗಿ ಕೈ ಚಾಚಿ ಕೂತವು. ಅವನು, "ಅಕ್ಕಾ, ಮನಷ್ಯಾರಿಗಿಂತ ಇವು ಶಾಣ್ಯಾ ಅವ" ಎಂದ.

ಕೊನೆಯ ಗೂಡಿನಲ್ಲಿ ಚಾದರ ಹೊದ್ದು ಏನೋ ಮುದುರಿ ಕೂತಿತ್ತು. ಚಾದರದ ಕೆಳಗೆ ಮುನ್ಷಿಯ ಜೋಡು ಕಂಡಿತು. ಸದ್ದಿಲ್ಲದೆ ಚಿಲಕ ಹಾಕಿದೆ.

"ಇದಕ್ಕೂ ಹಾಕಬೇಕೇನ್ ಅಕ್ಕಾ?"

"ಹಾಕ್ಬೇಕಪ್ಪಾ. ದೇವಿ ಬಂದ ಮಂಗ್ಯಾ ಇದೇ ಗೂಡಿನಾಗ ಇತ್ತು."

ಓಡುವ ಆತುರದಲ್ಲಿ ಆ ಗೂಡು ಯಾಕೆ ಖಾಲಿ ಎಂದು ಮುನ್ಷಿ ಯೋಚಿಸಿರಲಿಲ್ಲ. ಚಾದರ ಹಾರಿತು. ಕಂಬಿಯಿಂದ ಎರಡೂ ಕೈ ಹೊರಗೆ ಬಂದವು.

"ಎರಡಕ್ಕೂ ಹಾಕೋ ಮಾರಾಯಾ, ಲಗೂ ಹಾಕು!"

ಹಾಕಿದ. ರೂಢಿಯಂತೆ ನಾನು ಶೇಂಗಾ ಕೊಟ್ಟೆ. ಮುನ್ಷಿ ತಿಂದರು.

ಮತ್ತೆ ಯಾವ ಮಂಗಕ್ಕೂ ದೇವಿ ಬರಲಿಲ್ಲ. ಮುದಿಯದೂ ಬದುಕಿತು, ಮುಖದ ತುಂಬ ಕಲೆ ಹೊತ್ತು. ಜಾಗೀರದಾರರು ಏನು ಬೇಕು ಕೇಳು ಎಂದಾಗ ಮನೆ ಕಟ್ಟಲು ಜಾಗ ಕೇಳಿದೆ, ಕೊಟ್ಟರು. ಇಂದು ತಾಂಡೂರಿನಲ್ಲಿ ಹಾಸುಗಲ್ಲಿನ ಎರಡು ಕೋಣೆ ನನ್ನವು, ಎರಡು ಎಮ್ಮೆ ನನ್ನವು, ಪೆಟ್ಟಿಗೆ ತುಂಬ ಪುಸ್ತಕ ನನ್ನವು. ಅದಕ್ಕೆ ತೆತ್ತದ್ದು ಮಂಗ ಕಚ್ಚಿ ಹೋದ ಕಿರುಬೆರಳಿನ ತುದಿ, ಮತ್ತೆ ಕಲ್ಹೇರಿನ ಗಂಡನ ಮನೆ. ತಾಯಿಯನ್ನು ಸೂಜಿಯಿಂದ ಓಡಿಸಿದವಳೆಂದು ಆ ಮನೆಯವರು ಇವತ್ತಿಗೂ ನನ್ನ ಕೈಯ ನೀರು ಕುಡಿಯುವುದಿಲ್ಲ.